ನಮ್ಮ ಅತ್ತೆ ಮತ್ತು ಬರಿದಾಗದ ಟ್ಯಾಂಕು

ನಮ್ಮ ಅತ್ತೆ ಯಾರ ಮನೆಗೆ ಹೋದರೂ ಮೊದಲು ಹೋಗುವುದು ಕಕ್ಕಸಿಗೆ. ಅವಸರವಾಗಿ ಅಲ್ಲ, ಆಸಕ್ತಿಯಿಂದ. ಮನೆಯಾಕೆ ಕುಂಕುಮದ ಬಟ್ಟಲು ಹಿಡಿದುಕೊಂಡು ನಡುಮನೆಯಲ್ಲಿ ಕಾಯುತ್ತಿರುತ್ತಾಳೆ. ಇವರು ಒಳಗೆ ಫ್ಲಶ್ ಒತ್ತಿ, ತೊಟ್ಟಿಗೆ ಕಿವಿಯಿಟ್ಟು, ನೀರು ತುಂಬುವ ತನಕ ನಿಂತು ಕೇಳಿ, ಮತ್ತೊಮ್ಮೆ ಒತ್ತಿ, ಆಮೇಲೆ ಹೊರಗೆ ಬಂದು, ಎಕ್ಸ್-ರೇ ನೋಡಿದ ಡಾಕ್ಟರ ಹಾಗೆ ಒಂದು ಕ್ಷಣ ಸುಮ್ಮನಿದ್ದು, "ವಾಷರ್ ಹೋಗಿದೆ" ಎನ್ನುತ್ತಾರೆ. ಕುಂಕುಮ ಆಮೇಲೆ.

ಅತ್ತೆ ಎಂದರೆ ಹೆಂಡತಿಯ ತಾಯಿ ಎಂದುಕೊಳ್ಳಬೇಡಿ. ಇವರು ನಮ್ಮಪ್ಪನ ತಂಗಿ. ಯಶವಂತಪುರದ ಕಡೆ ಪಂಪು, ವಾಲ್ವು ಮಾಡುವ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ತಯಾರಾದ ವಾಲ್ವಿಗೆ ನೀರು ತುಂಬಿ, ಒತ್ತಡ ಕೊಟ್ಟು, ಎಲ್ಲಾದರೂ ಜಿನುಗುತ್ತದೆಯೇ ಎಂದು ನೋಡುವುದು ಅವರ ಕೆಲಸ. ಜಿನುಗದಿದ್ದರೆ ಸಹಿ ಹಾಕಬೇಕು. ಮೂವತ್ತೊಂದು ವರ್ಷ ಸೋರುವುದನ್ನೇ ಹುಡುಕಿದವರಿಗೆ, ನಿವೃತ್ತಿಯ ಮಾರನೆಯ ದಿನದಿಂದ ಭಜನೆ ಮಾಡಿಕೊಂಡಿರಿ ಎಂದರೆ ಆಗುತ್ತದೆಯೇ? ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರುವುದಿಲ್ಲ, ನಲ್ಲಿ ಸೋರದಂತೆ ಸುತ್ತುವ ಟೆಫ್ಲಾನ್ ಟೇಪಿನ ಸುರುಳಿ ಇರುತ್ತದೆ.

ನನಗೆ ಹೆಣ್ಣು ನೋಡಲು ಯಲಹಂಕಕ್ಕೆ ಹೋದಾಗಲೂ ಹೀಗೇ ಆಯಿತು. ನಾವೆಲ್ಲ ಸೋಫಾದಲ್ಲಿ ಸಾಲಾಗಿ ಕೂತಿದ್ದೇವೆ, ಹುಡುಗಿಯ ತಂದೆ ಮಳೆ ಕಡಿಮೆಯಾದ ವಿಷಯ ಮಾತಾಡುತ್ತಿದ್ದಾರೆ, ಅತ್ತೆ ಮಾತ್ರ ಕಾಣೆ. ಹುಡುಗಿ ಕಾಫಿ ತಂದು ನಿಂತ ಹೊತ್ತಿಗೆ ಸರಿಯಾಗಿ ಹಿತ್ತಲ ಬಾಗಿಲಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ನಿಮ್ಮ ತೊಟ್ಟಿ ಹಗಲೂ ರಾತ್ರಿ ಸೋರ್ತಿದೆಯಲ್ರೀ. ಸ್ಕ್ರೂ ಡ್ರೈವರ್ ಇದೆಯಾ?"

ಹುಡುಗಿ ಕಾಫಿ ತಟ್ಟೆಯನ್ನು ನನ್ನ ತೊಡೆಯ ಮೇಲೇ ಇಟ್ಟು, ಒಳಗೆ ಹೋಗಿ, "ಚಪ್ಪಟೆದು ಬೇಕಾ, ಸ್ಟಾರ್ ಬೇಕಾ?" ಎಂದು ಕೇಳಿದಳು. ಅತ್ತೆ ನಮ್ಮಮ್ಮನ ಕಡೆ ತಿರುಗಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಈ ಹುಡುಗಿ ಆಗ್ಬಹುದು" ಎಂದರು. ಆಯಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿ ಈಗಲೂ ಹೇಳುತ್ತಾಳೆ: "ನಿಮ್ಮ ಮುಖ ನೋಡಿ ಒಪ್ಪಿದ್ದಲ್ಲ. ಆವತ್ತು ರಾತ್ರಿ ಆ ತೊಟ್ಟಿ ಸದ್ದು ನಿಂತು ನಿದ್ದೆ ಬಂತಲ್ಲ, ಬೆಳಿಗ್ಗೆ ಎದ್ದು ಹೂಂ ಅಂದೆ."

ಈಗ ನಾನು ಹೇಳಹೊರಟಿರುವುದು ದೋಣಿಯ ವಿಷಯ. ಬೆಂಗಳೂರಿನ ಉತ್ತರಕ್ಕೆ ದೋಣಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಲಾರಿಯಲ್ಲಿ ಬಂತು.

ಆರ್.ಟಿ. ನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಒಂದು ಬೆಳಿಗ್ಗೆ ಅತ್ತೆ ತಮ್ಮ ಯಜಮಾನರ, ಅಂದರೆ ನಮ್ಮ ಮಾವನ, ಕನ್ನಡಕ ತೆಗೆದುಕೊಂಡು ಹೋಗಲು ಚಿಕ್ಕಬಾಣಾವರದಿಂದ ಬಂದಿದ್ದರು. ಅದೇ ಹೊತ್ತಿಗೆ ರಾಜಾನುಕುಂಟೆ ಕಡೆಯ ಮುನಿರಾಜಣ್ಣ ಎಂಬ ಹಳೆಯ ಗಿರಾಕಿ ಕಣ್ಣು ಪರೀಕ್ಷೆಗೆ ಕೂತಿದ್ದ. ಅವನ ಜಮೀನಿನಲ್ಲಿ ಕಲ್ಲು ತೆಗೆದು ತೆಗೆದು ಬಿಟ್ಟುಹೋದ ಒಂದು ಕ್ವಾರಿ ಇತ್ತು. ವರ್ಷಾನುಗಟ್ಟಲೆ ಮಳೆ ನೀರು ತುಂಬಿ ಅದು ಕೆರೆಯಂತೆಯೇ ಆಗಿತ್ತು. ಸುತ್ತ ಹೊಸ ಲೇಔಟುಗಳು ಎದ್ದ ಮೇಲೆ ಮುನಿರಾಜಣ್ಣನಿಗೆ ಒಂದು ಯೋಚನೆ ಹೊಳೆಯಿತು. ಕೇರಳಕ್ಕೆ ಹೋಗಿ ಹಳೆಯ ದೋಣಿಮನೆಯೊಂದನ್ನು ಕೊಂಡು ತಂದು ಕ್ವಾರಿಯಲ್ಲಿ ಇಳಿಸಿದ. ಒಂದು ಪುಟ್ಟ ಕೋಣೆ, ಮೇಲೆ ಬಿದಿರಿನ ಚಾವಣಿ, ಮುಂದೆ ನಾಲ್ಕು ಜನ ಕೂರುವ ಜಗಲಿ, ಹಿಂದೆ ಒಂದು ಕಕ್ಕಸು. ಭಾನುವಾರ ಜನ ಬರುತ್ತಾರೆ, ಸುತ್ತು ಹೊಡೆಯುತ್ತಾರೆ, ಊಟ ಮಾಡುತ್ತಾರೆ. ಆದರೆ ಈಗ ಬರುವುದನ್ನು ನಿಲ್ಲಿಸಿದ್ದರು.

"ವಾಸ್ನೆ ಗುರು," ಎಂದ ಮುನಿರಾಜಣ್ಣ, ಒಂದು ಕಣ್ಣು ಮುಚ್ಚಿಕೊಂಡೇ. "ಕಕ್ಕಸಿಂದೆಲ್ಲ ತಳದಾಗಿರೋ ಟ್ಯಾಂಕಿಗೆ ಬೀಳ್ತದೆ. ಗಾಡಿ ತರಿಸಿ ಪೈಪ್ ಆಕಿ ಎಳೆಸ್ತೀನಿ. ಖಾಲಿ ಆಯ್ತು ಅಂತಾನೆ, ಓಗ್ತಾನೆ. ಎರಡೇ ದಿನಕ್ಕೆ ಮತ್ತೆ ತುಂಬಿ ಮೇಲಕ್ಕೆ ಬರ್ತದೆ. ಸೋಪಿನ ಪುಡಿ ಆಕ್ದೆ, ಮಜ್ಜಿಗೆ ಉಯ್ದೆ, ಆಸಿಡ್ ಆಕಣ ಅಂದ್ರೆ ದೋಣಿ ತೂತಾದ್ರೆ ಅಂತ ಭಯ. ಕೊನೇಗೆ ನಿಂಬೇಅಣ್ಣೂ ಕಟ್ಸಿದೀನಿ."

"ಎಲ್ಲಿಗೆ?" ಎಂದರು ಅತ್ತೆ. ಅವರು ಯಾವಾಗಲೋ ಕುರ್ಚಿ ಎಳೆದುಕೊಂಡು ಹತ್ತಿರ ಬಂದಿದ್ದರು.

"ದೋಣಿ ಮೂತಿಗೆ, ಅಕ್ಕಾ."

"ತೊಂದ್ರೆ ಇರೋದು ಹಿಂದ್ಗಡೆ," ಎಂದು ಅತ್ತೆ ಹೇಳಿದರು. "ಗಾಡಿಯವನು ಎಳೀವಾಗ ಪೈಪ್ ಒಂದೇ ಸಮ ಓಡುತ್ತಾ, ಇಲ್ಲ ನಿಂತು ನಿಂತು ಓಡುತ್ತಾ?"

ಮುನಿರಾಜಣ್ಣ ಮುಚ್ಚಿದ ಕಣ್ಣನ್ನು ತೆರೆದು ಅತ್ತೆಯನ್ನು ನೋಡಿದ. ಆ ಪ್ರಶ್ನೆಯನ್ನು ಅವನಿಗೆ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. "ನಿಂತು ನಿಂತು," ಎಂದ. ಅತ್ತೆಯ ಮುಖದಲ್ಲಿ ಒಂದು ಬೆಳಕು ಕಂಡಿತು. ಮೊಮ್ಮಕ್ಕಳ ಫೋಟೋ ನೋಡುವಾಗ ಬೇರೆಯವರ ಮುಖದಲ್ಲಿ ಕಾಣುತ್ತದಲ್ಲ, ಅಂಥದು.

ಹೊರಡುವ ಮುನ್ನ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಜಗಲಿಯಿಂದ ಆ ಕಕ್ಕಸಿಗೆ ಎಷ್ಟು ಹೆಜ್ಜೆ?" ಮುನಿರಾಜಣ್ಣ ನಕ್ಕ. ನಾನೂ ನಕ್ಕೆ. ಅದು ಅತ್ತೆಯ ಹಲವು ಹುಚ್ಚುಗಳಲ್ಲಿ ಒಂದು ಎಂದುಕೊಂಡೆ.

ಮುಂದಿನ ಮಂಗಳವಾರ, ಅಂಗಡಿಗೆ ರಜೆಯ ದಿನ, ನನ್ನ ಕಾರಿನಲ್ಲಿ ಅತ್ತೆಯನ್ನು ಕರೆದುಕೊಂಡು ಹೋದೆ. ಸೀರೆಯ ಮೇಲೆ ಕಾರ್ಖಾನೆಯ ಹಳೆಯ ನೀಲಿ ಕೋಟು, ಕಾಲಿಗೆ ಮಾವನ ಬೂಟು, ಕೈಯಲ್ಲಿ ಅಳತೆಗೆ ಒಂದು ಬಿದಿರು ಕೋಲು. ಕ್ವಾರಿಯ ದಡದಲ್ಲಿ ಹೀರುವ ಗಾಡಿ ಬಂದು ನಿಂತಿತ್ತು. ಅದರ ಡ್ರೈವರು ಬೀಡಿ ಸೇದುತ್ತ ನಮ್ಮನ್ನು ನೋಡಿ, ಯಾರೋ ಸರ್ಕಾರದ ಕಡೆಯವರು ಎಂದು ಬೀಡಿ ಬಿಸಾಡಿದ.

ದೋಣಿ ಹತ್ತಿದ ಕೂಡಲೇ ಮೂಗು ಮುಚ್ಚಿಕೊಂಡೆ. ಅತ್ತೆ ಮುಚ್ಚಿಕೊಳ್ಳಲಿಲ್ಲ. ಮೂಗನ್ನು ಅವರು ಒಂದು ಉಪಕರಣ ಎಂದು ತಿಳಿದಿದ್ದರು. ಹಿಂದೆ, ಮುಂದೆ, ಬದಿಯಲ್ಲಿ ಬಗ್ಗಿ ಬಗ್ಗಿ ಮೂಸಿ, "ಒಳಗೆ ಜಾಸ್ತಿ, ಹೊರಗೆ ಇಲ್ಲ. ಹೊರಗೆ ಸ್ವಲ್ಪ ಇರ್ಬೇಕಿತ್ತು" ಎಂದರು.

"ಹೊರಗೆ ಇಲ್ದೇ ಇರೋದು ಒಳ್ಳೇದಲ್ವಾ ಅತ್ತೆ?"

"ಅಲ್ಲ ಕಣೋ. ಎಳನೀರಿಗೆ ಒಂದೇ ತೂತು ಮಾಡಿ ಕವುಚಿ ಹಿಡಿದ್ರೆ ಹೆಂಗೆ ಬರುತ್ತೆ?"

"ಗಳಕ್ ಗಳಕ್ ಅಂತ ನಿಂತು ನಿಂತು."

"ಇನ್ನೊಂದು ತೂತು ಮಾಡಿದ್ರೆ?"

"ಸಲೀಸಾಗಿ."

"ಈ ಟ್ಯಾಂಕಿಗೂ ಎಲ್ಲೋ ಇನ್ನೊಂದು ತೂತು ಇರುತ್ತೆ. ಉಸಿರಾಡೋಕೆ. ಹುಡುಕು."

ಟ್ಯಾಂಕಿನಿಂದ ಹೊರಟು ದೋಣಿಯ ಬದಿಗೆ ಬಾಯಿ ತೆರೆಯುವ ಹೆಬ್ಬೆರಳು ಗಾತ್ರದ ಒಂದು ಕೊಳವೆ ನೀರಿನ ಕಡೆಯ ಮಗ್ಗುಲಲ್ಲಿತ್ತು. ಅದನ್ನು ನೋಡಬೇಕಾದರೆ ದೋಣಿಯ ಅಂಚಿನಲ್ಲಿ ಬೋರಲು ಮಲಗಿ ತಲೆಯನ್ನು ಹೊರಗೆ ಜೋತುಬಿಡಬೇಕು. ಊರಿಗೆಲ್ಲ ದೃಷ್ಟಿ ಸರಿಮಾಡುವ ನಾನು ಹಾಗೆ ಜೋತುಬಿದ್ದು ಟಾರ್ಚು ಹಾಕಿ ನೋಡಿದೆ. ಕೊಳವೆಯ ಬಾಯಿಗೆ ಯಾರೋ ಒಳ್ಳೆಯ ಗಾರೆ ಕೆಲಸದವರು ಮೆತ್ತಿದಂತೆ ಕೆಮ್ಮಣ್ಣು. ಮಣ್ಣಿನ ಗೂಡು ಕಟ್ಟುವ ಕಣಜ, ಎಷ್ಟು ನಾಜೂಕಾಗಿ, ಎಷ್ಟು ಗಟ್ಟಿಯಾಗಿ ಕಟ್ಟಿತ್ತು ಎಂದರೆ ಕೆಡವಲು ಮನಸ್ಸಾಗಲಿಲ್ಲ. ಕಣಜಕ್ಕೂ ಹಾಗೇ ಅನ್ನಿಸಿರಬೇಕು. ಅದು ನನ್ನ ಕಿವಿಗೆ ಕಚ್ಚಿತು.

ಅತ್ತೆ ನನ್ನ ಕಿವಿಯನ್ನು ಆಮೇಲೆ ನೋಡಿದರು. ಮೊದಲು ಕೊಳವೆಯನ್ನು ತಂತಿಯಿಂದ ಕೆದಕಿ ತೆರೆದರು. ಒಳಗಿಂದ ಬುಸ್ ಎಂದು ಗಾಳಿ ಬಂತು. ಅದನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಬೀಡಿ ಬಿಸಾಡಿದ್ದ ಡ್ರೈವರು ಇನ್ನೊಂದು ಹಚ್ಚಿಕೊಂಡು ದೂರ ಹೋದ ಎಂದರೆ ಸಾಕು.

ಈ ಸಲ ಗಾಡಿ ಒಂದೇ ಸಮ ಎಳೆಯಿತು. ಮುನಿರಾಜಣ್ಣ ಚಪ್ಪಾಳೆ ತಟ್ಟುವುದರಲ್ಲಿದ್ದ. ಅಷ್ಟರಲ್ಲಿ ಪೈಪು, ಲೋಟದ ತಳದ ಮಜ್ಜಿಗೆಯನ್ನು ಸ್ಟ್ರಾದಲ್ಲಿ ಎಳೆದಂತೆ ಸೊರ್ ಸೊರ್ ಎಂದಿತು. "ಖಾಲಿ," ಎಂದ ಡ್ರೈವರು.

ಅತ್ತೆ ಟ್ಯಾಂಕಿನ ಮೇಲಿನ ಮುಚ್ಚಳ ತೆಗೆದು ಬಿದಿರು ಕೋಲು ಇಳಿಸಿದರು. ಎತ್ತಿ ನನ್ನ ಮುಂದೆ ಹಿಡಿದರು. "ಓದು."

ನಾನು ಓದಿದೆ. ಒಂದು ಗೇಣು ನಾಲ್ಕು ಬೆರಳು. ಖಾಲಿಯಾಗಿದ್ದರೆ ಏನೂ ಇರಬಾರದಿತ್ತು.

"ಕೆಳಗೆ ಗಟ್ಟಿ ಕಟ್ಟಿರ್ಬೇಕು ಬುಡಿ ಅಕ್ಕಾ," ಎಂದ ಮುನಿರಾಜಣ್ಣ. "ಇಂಗೆಲ್ಲ ಯಾಕೆ ತೊಂದ್ರೆ? ಉಳಿದಿದ್ದನ್ನ ನೀರಿಗೇ ಬುಟ್ಬುಟ್ರೆ ಆಯ್ತಪ್ಪ, ಇಷ್ಟು ದೊಡ್ಡ ಕ್ವಾರಿ."

ಅತ್ತೆ ಕೋಲು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ಮುನಿರಾಜಣ್ಣಾ, ಅಲ್ಲಿ ಕೂತಿದೆ ನೋಡಿ ಕೊಕ್ಕರೆ, ಅದು ಈ ನೀರು ಕುಡಿಯುತ್ತೆ. ನಿಮ್ಮ ಬೋರ್‌ವೆಲ್ ಇಲ್ಲಿಂದ ಎಷ್ಟು ದೂರ?"

"ಅಲ್ಲೇ, ಬೇವಿನ ಮರದ ಪಕ್ಕ."

"ಅದೂ ಇದನ್ನೇ ಕುಡಿಯುತ್ತೆ. ಆಮೇಲೆ ನೀವು ಕುಡಿತೀರ."

ಮುನಿರಾಜಣ್ಣ ಆಮೇಲೆ ಆ ವಿಷಯ ಎತ್ತಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

ತಳದಲ್ಲಿ ಗಟ್ಟಿ ಕಟ್ಟಿರಬಹುದು ಎಂಬುದನ್ನು ಅತ್ತೆ ಪೂರ್ತಿ ತಳ್ಳಿಹಾಕಲಿಲ್ಲ. ಎರಡನೆಯ ಮಂಗಳವಾರಕ್ಕೆ ಯಲಹಂಕದ ಮೀನಂಗಡಿಯಿಂದ ಎರಡು ಮೂಟೆ ಐಸು ತರಿಸಿದರು. ಶುದ್ಧ ಸಸ್ಯಾಹಾರಿಯಾದ ನಮ್ಮತ್ತೆ ಮೀನಂಗಡಿಯ ಮುಂದೆ ನಿಂತು, "ಪುಡಿ ಬೇಡ, ಮುಷ್ಟಿ ಗಾತ್ರದ್ದು ಕೊಡಿ" ಎಂದು ಆರಿಸುತ್ತಿದ್ದುದನ್ನು ನಮ್ಮ ಪರಿಚಯದವರೊಬ್ಬರು ನೋಡಿ, ಸಂಜೆಯೊಳಗೆ ನಮ್ಮ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದರು. ಐಸನ್ನು ಕಲ್ಲುಪ್ಪಿನ ಜೊತೆ ಟ್ಯಾಂಕಿಗೆ ಸುರಿದು, ದೋಣಿಯನ್ನು ಕ್ವಾರಿಯ ತುಂಬ ಅಂಕುಡೊಂಕಾಗಿ ಓಡಿಸಿದೆವು. ಐಸಿನ ಗಡ್ಡೆಗಳು ಒಳಗೆ ಉರುಳಾಡಿ ಗೋಡೆ ತಿಕ್ಕುತ್ತವಂತೆ. ತಿಕ್ಕಿರಬೇಕು, ವಾಸನೆ ಅರ್ಧಕ್ಕರ್ಧ ಇಳಿಯಿತು. ಗಾಡಿ ಎಳೆಯಿತು. ಸೊರ್ ಸೊರ್ ಎಂದಿತು. ಕೋಲು ಇಳಿಸಿದೆವು.

ಒಂದು ಗೇಣು ನಾಲ್ಕು ಬೆರಳು.

ನಾನು ಕೈಚೆಲ್ಲಿದೆ. ಅತ್ತೆಗೆ ಮಾತ್ರ ಖುಷಿಯೋ ಖುಷಿ. "ಮತ್ತೆ ತುಂಬಿಸಿ," ಎಂದರು. ಕ್ವಾರಿಯ ನೀರನ್ನೇ ಬಕೆಟ್ಟಿನಲ್ಲಿ ಮೊಗೆದು ತುಂಬಿಸಿದೆವು. ಎಳೆಸಿದೆವು. ಒಂದು ಗೇಣು ನಾಲ್ಕು ಬೆರಳು. ಇನ್ನೊಮ್ಮೆ. ಅಷ್ಟೇ. ಮುನಿರಾಜಣ್ಣ ಮೆಲ್ಲಗೆ ನನ್ನ ಕಿವಿಯಲ್ಲಿ, ಕಣಜ ಕಚ್ಚದ ಕಿವಿಯಲ್ಲಿ, "ನಿಮ್ಮತ್ತೆಗೆ ಏನಾದ್ರೂ ಅರಕೆ ಐತಾ?" ಎಂದು ಕೇಳಿದ.

"ಕಸ ಕಟ್ಟಿದ್ರೆ ಒಂದೊಂದ್ ಸಲ ಒಂದೊಂದ್ ಕಡೆ ನಿಲ್ಲುತ್ತೆ," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ. "ಇದು ಪ್ರತಿ ಸಲ ಒಂದೇ ಕಡೆ ನಿಲ್ತಿದೆ. ಅಂದ್ರೆ ಅಷ್ಟು ಎತ್ತರದಲ್ಲಿ ಪೈಪು ಸೀಳಿದೆ. ನೀರು ಅಲ್ಲೀತನಕ ಇಳಿದ ಮೇಲೆ ಗಾಡಿ ನೀರೆಳೀತಿಲ್ಲ, ಸೀಳಿನಿಂದ ಗಾಳಿ ಎಳೀತಿದೆ. ಆ ಪೈಪ್ ಬಿಚ್ಚಿ."

ಗಾಡಿಯ ಪೈಪು ಸಿಕ್ಕಿಸಲೆಂದು ಟ್ಯಾಂಕಿನೊಳಗೆ ತಳದ ತನಕ ಇಳಿಬಿಟ್ಟಿದ್ದ ದೋಣಿಯ ಪೈಪನ್ನು ಡ್ರೈವರೂ ಮುನಿರಾಜಣ್ಣನೂ ಸೇರಿ ಬಿಚ್ಚಿ ಎಳೆದರು. ತೊಳೆದು ಬಿಸಿಲಿಗೆ ಹಿಡಿದಾಗ ಕಂಡಿತು. ಬೆರಳುದ್ದದ ಕೂದಲೆಳೆ ಸೀಳು. ತುದಿಯಿಂದ ಅಳೆದರೆ ಒಂದು ಗೇಣು ನಾಲ್ಕು ಬೆರಳು. ಮುನಿರಾಜಣ್ಣ ಆ ಸೀಳನ್ನು ಬಹಳ ಹೊತ್ತು ನೋಡಿ, ದೋಣಿಯ ಮೂತಿಗೆ ಹೋಗಿ ನಿಂಬೆಹಣ್ಣನ್ನು ತಾನೇ ಬಿಚ್ಚಿದ. ಕನ್ನಡಕ ಹಾಕಿಕೊಂಡೂ ಕಾಣದ್ದನ್ನು ಅಕ್ಕ ಕೋಲು ಹಾಕಿಯೇ ಕಂಡರಲ್ಲ ಎಂದು ನನಗೂ ಒಂದು ಮಾತಿನ ಪೆಟ್ಟು ಕೊಟ್ಟ.

"ಹೊಸಾ ಪೈಪು ನಾಳೇನೇ ಆಕುಸ್ತೀನಿ ಅಕ್ಕಾ. ನಿಮ್ಗೇನು ಕೊಡ್ಲಿ?"

"ಒಂದು ಬೆಳಿಗ್ಗೆ ಪೂರ್ತಿ ದೋಣಿ ಕೊಡಿ. ಬೇರೆ ಯಾರೂ ಇರ್ಬಾರ್ದು."

ವಾಪಸು ಬರುವಾಗ ಅತ್ತೆ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸು ಎಂದರು. ಇಳಿದು ಹೋಗಿ ಅದರ ಕಕ್ಕಸು ನೋಡಿ ಬಂದರು. ಸ್ವಲ್ಪ ಮುಂದೆ ಒಂದು ದರ್ಶಿನಿಯ ಹತ್ತಿರ ನಿಲ್ಲಿಸು ಎಂದರು. ಕಾಫಿ ಕುಡಿಯಲಿಲ್ಲ, ಕಕ್ಕಸು ನೋಡಿ ಬಂದರು. ಮೂರನೆಯ ಸಲ ಇನ್ನೊಂದು ಬಂಕಿನ ಮುಂದೆ ನಿಲ್ಲಿಸಿದಾಗ ನನಗೆ ತಾಳ್ಮೆ ಹೋಯಿತು.

"ಅತ್ತೆ, ಮನೇಗೆ ಹೋಗೋಣ. ಊರಲ್ಲಿರೋ ಕಕ್ಕಸನ್ನೆಲ್ಲ ನಾವೇ ರಿಪೇರಿ ಮಾಡ್ಬೇಕಾ?"

"ರಿಪೇರಿಗಲ್ಲ," ಎಂದರು. ಬಂಕಿನಲ್ಲಿ ಗಾಳಿ ತುಂಬಿಸಿಕೊಳ್ಳುತ್ತಿದ್ದ ಆಟೋ ಹೊರಟುಹೋಯಿತು. "ನಿಮ್ಮ ಮಾವನಿಗೆ ಅರ್ಧ ಗಂಟೆಗೊಂದ್ಸಲ ಹೋಗ್ಬೇಕಾಗುತ್ತೆ ಕಣೋ. ತಡ್ಕೊಳೋಕೆ ಆಗಲ್ಲ. ಪ್ರಾಸ್ಟೇಟ್ ಆಪರೇಷನ್ ಆದ್ಮೇಲಿಂದ."

ಮಾವನ ವಿಷಯ ಹೇಳಬೇಕು. ಮಾವ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರಾಗಿದ್ದವರು. ಎಲ್ಲ ಸಾಗರಗಳನ್ನೂ ಬಣ್ಣದ ಸೀಮೆಸುಣ್ಣದಲ್ಲೇ ದಾಟಿದವರು, ದೋಣಿ ಹತ್ತಿದವರಲ್ಲ. ಒಳ್ಳೆ ಮಾತುಗಾರರು, ಯಾವ ಸಮಾರಂಭವನ್ನೂ ತಪ್ಪಿಸಿದವರಲ್ಲ. ಎರಡು ವರ್ಷದಿಂದ ಮಾತ್ರ ಯಾವುದಕ್ಕೂ ಬರುತ್ತಿರಲಿಲ್ಲ. ಮನೆಗೆ ಹೋದರೆ ಮಾತಾಡಿಸುತ್ತಿದ್ದರು, ಗೇಟು ಮಾತ್ರ ದಾಟುತ್ತಿರಲಿಲ್ಲ. ವಯಸ್ಸಾಯಿತು, ಬೇಜಾರು ಎಂದು ನಾವೆಲ್ಲ ನಾವೇ ಕಾರಣ ಹುಡುಕಿಕೊಂಡಿದ್ದೆವು.

"ಹೆಬ್ಬಾಳದ ಛತ್ರದಲ್ಲಿ ಮದುವೆ ಆಯ್ತಲ್ಲ," ಎಂದರು ಅತ್ತೆ. "ಗಂಡು ಹೆಣ್ಣಿಗೆ ಉಡುಗೊರೆ ಕೊಡೋಕೆ ಕ್ಯೂ. ಮಧ್ಯದಲ್ಲಿ ಇವರಿಗೆ ಅವಸರ ಆಯ್ತು. ಕೆಳಗಿಳಿದು ಹೋದ್ರೆ ಕಕ್ಕಸಿಗೆ ಬೀಗ. ಕೀಲಿ ಮ್ಯಾನೇಜರ್ ಹತ್ರ. ಮ್ಯಾನೇಜರ್ ಊಟಕ್ಕೆ ಹೋಗಿದಾನೆ. ಕೀಲಿ ತರೋಷ್ಟರಲ್ಲಿ..."

ಆ ಮದುವೆ ನನಗೆ ಚೆನ್ನಾಗಿ ನೆನಪಿತ್ತು. ಯಾಕೆಂದರೆ ಅವತ್ತು ಅತ್ತೆ ಊಟದ ಹಾಲಿನ ಬಾಗಿಲಲ್ಲಿ, ಅಷ್ಟು ಜನರ ಎದುರಿಗೆ, ಬಡಿಸುವವರ ಕೈಯಿಂದ ನೀರಿನ ಜಗ್ಗು ಕಿತ್ತುಕೊಂಡು ಮಾವನ ಮೈಮೇಲೆ ಸುರಿದಿದ್ದರು. ಎದೆಯಿಂದ ಪಂಚೆಯ ತನಕ ಮಾವ ತೊಯ್ದು ತೊಪ್ಪೆ. "ಅಯ್ಯೋ, ಕೈ ಜಾರ್ತು" ಎಂದು ಅತ್ತೆ ಹೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಕಿತ್ತುಕೊಂಡ ಜಗ್ಗು ಕೈ ಜಾರುವುದು ಹೇಗೆ ಎಂದು ನಾನೇ ಎರಡು ವರ್ಷ ಅಂಗಡಿಯಲ್ಲಿ, ಮನೆಯಲ್ಲಿ, ಹತ್ತು ಕಡೆ ಅಭಿನಯ ಮಾಡಿ ತೋರಿಸಿ ಜನರನ್ನು ನಗಿಸಿದ್ದೆ.

ನಾನು ಕ್ಷಮಿಸಿ ಎಂದು ಹೇಳಬೇಕಿತ್ತು. ಹೇಳಿದರೆ ಅತ್ತೆಗೆ ನಾನು ನಗಿಸಿದ ವಿಷಯವೂ ಗೊತ್ತಾಗುತ್ತಿತ್ತು. ಬಹುಶಃ ಮೊದಲೇ ಗೊತ್ತಿತ್ತು.

"ದೋಣೀಲಿ ಕೂತ ಜಾಗದಿಂದ ಆರು ಹೆಜ್ಜೆ," ಎಂದರು ಅವರು. "ಬೀಗ ಇಲ್ಲ, ಕ್ಯೂ ಇಲ್ಲ. ಸುತ್ತ ನೀರು, ನೋಡೋರು ಯಾರೂ ಇಲ್ಲ. ಅಲ್ಲೀತನಕ ಕರ್ಕೊಂಡು ಹೋಗೋಕೆ ದಾರೀಲಿ ಮೂರು ಜಾಗ ಬೇಕು, ಅಷ್ಟೇ. ಎರಡು ಸಿಕ್ಕಿದೆ." ಬಂಕಿನ ಕಡೆ ತೋರಿಸಿದರು. "ಇಳೀಲಾ?"

"ಇಳೀರಿ ಅತ್ತೆ," ಎಂದೆ. ಅವತ್ತು ನಾನೂ ಅವರ ಹಿಂದೆಯೇ ಇಳಿದು ಹೋಗಿ ನೋಡಿದೆ. ಗಂಡಸರ ಕಡೆಯದನ್ನು ನಾನೇ ನೋಡಬೇಕಲ್ಲವೇ? ಚಿಲಕ ಸರಿಯಾಗಿತ್ತು, ನೀರು ಬರುತ್ತಿತ್ತು, ನೆಲ ಜಾರುತ್ತಿರಲಿಲ್ಲ. ವಿವರವಾಗಿ ವರದಿ ಒಪ್ಪಿಸಿದೆ.

ಇಷ್ಟೆಲ್ಲ ಆದ ಮೇಲೆ ಮಾವ ಬರುವುದಿಲ್ಲ ಎಂದುಬಿಟ್ಟರು.

ನಾನು ಚಿಕ್ಕಬಾಣಾವರದ ಮನೆಗೆ ಹೋದಾಗ ಅವರು ವರಾಂಡದಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಸ್ಟೇಷನ್ನಿನ ಕಡೆಯಿಂದ ರೈಲು ಹೋದ ಸದ್ದು ನಿಂತ ಮೇಲೆ ಮಾವ ಪೇಪರಿನ ಹಿಂದಿನಿಂದಲೇ ಕೇಳಿದರು: "ಇವನಿಗೆ ಹೇಳಿದೀಯ. ಆ ದೋಣಿಯವನಿಗೂ ಹೇಳಿದೀಯ. ಇನ್ನು ಯಾರು ಬಾಕಿ?"

"ದೋಣಿಯವನಿಗೆ ಟ್ಯಾಂಕಿನ ವಿಷಯ ಹೇಳಿದೀನಿ ಕಣ್ರೀ, ನಿಮ್ಮ ವಿಷಯ ಅಲ್ಲ. ಇವನಿಗೆ ಹೇಳಿದ್ದು ನಿಜ. ಕಾರು ಇವನ್ದು, ಹೇಳ್ದೆ ಹೆಂಗೆ ನಿಲ್ಲಿಸ್ತಾನೆ?"

"ನಾನು ಎಲ್ಲಿಗೂ ಬರಲ್ಲ ಅಂತ ನಿಂಗೆ ಎಷ್ಟು ಸಲ ಹೇಳ್ಬೇಕು. ನಡುನೀರಲ್ಲಿ ಆ ಟ್ಯಾಂಕು ಮತ್ತೆ ಕೈ ಕೊಟ್ರೆ? ಅಲ್ಲೂ ಒಂದು ಜಗ್ಗು ನೀರು ಇಟ್ಕೊಂಡಿರ್ತೀಯಾ?"

ಅದನ್ನು ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅವರಿಗೇ ಅನ್ನಿಸಿರಬೇಕು. ಪೇಪರು ಸ್ವಲ್ಪ ಕೆಳಗಿಳಿಯಿತು. ಅತ್ತೆ ಒಳಗೆ ಹೋದರು. ಅಳಲು ಹೋದರು ಎಂದುಕೊಂಡೆ. ಮಾವನೂ ಹಾಗೇ ಅಂದುಕೊಂಡು ನನ್ನ ಮುಖ ನೋಡಿದರು. ಅತ್ತೆ ತಂದದ್ದು ಒಂದು ಕಾಗದ. ಕಾರ್ಖಾನೆಯಲ್ಲಿ ವಾಲ್ವಿಗೆ ಬರೆಯುತ್ತಿದ್ದ ಹಾಗೆಯೇ, ಗೆರೆ ಎಳೆದು ಮನೆ ಮಾಡಿ ಬರೆದ ಪರೀಕ್ಷಾ ವರದಿ. ಹೊಸ ಪೈಪು ಹಾಕಿದ ಮೇಲೆ ಅವರೊಬ್ಬರೇ ಬಸ್ಸಿನಲ್ಲಿ ಹೋಗಿ ಬಂದಿದ್ದರಂತೆ. ಟ್ಯಾಂಕು ಪೂರ್ತಿ ತುಂಬಿಸಿ ಎಳೆಸಿದ್ದು ನಾಲ್ಕು ಸಲ, ಉಳಿದದ್ದು ಸೊನ್ನೆ. ಫ್ಲಶ್ ಮಾಡಿದ್ದು ಹನ್ನೊಂದು ಸಲ, ತಡೆದದ್ದು ಸೊನ್ನೆ. ಚಿಲಕ ಒಳಗಿನಿಂದ ಹಾಕಿ ತೆಗೆದದ್ದು ಆರು ಸಲ. ಹಿಡಿದುಕೊಳ್ಳುವ ಕಂಬಿ, ಎಡಗಡೆ ಒಂದು ಬಲಗಡೆ ಒಂದು, ಪರೀಕ್ಷಕಿಯ ಪೂರ್ತಿ ಭಾರ ಹಾಕಿ ಎಳೆದು ನೋಡಿದೆ.

ಮಾವ ಕನ್ನಡಕ ಸರಿಮಾಡಿಕೊಂಡು ಓದಿದರು. ಮೇಷ್ಟರು ಉತ್ತರಪತ್ರಿಕೆ ಓದುವ ಹಾಗೆ ಕೊನೆಯ ತನಕ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಸಹಿ ಇಲ್ವಲ್ಲ," ಎಂದರು.

ಅತ್ತೆ ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. "ಎಷ್ಟು ಗಂಟೆಗೆ ಹೊರಡ್ಬೇಕು?"

ಬೆಳಿಗ್ಗೆ ಏಳಕ್ಕೆ ಹೊರಟೆವು. ದಾರಿಯಲ್ಲಿ ಮೂರು ಕಡೆ ನಿಂತೆವು. ಮೂರು ಕಡೆಯೂ ಮಾವ ಇಳಿಯುವಾಗ ನಾನು ಮೊಬೈಲು ನೋಡುತ್ತಿದ್ದೆ, ಅತ್ತೆ ಹೂವಿನ ಗಿಡ ನೋಡುತ್ತಿದ್ದರು. ಬಂಕಿನಲ್ಲಿ ಹೂವಿನ ಗಿಡ ಎಲ್ಲಿರುತ್ತದೆ ಎಂದು ಕೇಳಬೇಡಿ. ಮುನಿರಾಜಣ್ಣ ಗರಿಗರಿ ಬಿಳಿ ಪಂಚೆ ಉಟ್ಟುಕೊಂಡು ದಡದಲ್ಲಿ ಕಾಯುತ್ತಿದ್ದ. ಮಾವನ ಕೈ ಹಿಡಿದು ದೋಣಿಗೆ ಹತ್ತಿಸುತ್ತ, "ಬನ್ನಿ ಮೇಷ್ಟ್ರೇ, ನಿಮ್ಮನೆಯವ್ರು ನಮ್ಮ ದೋಣಿಗೆ ಜೀವ ಬರ್ಸಿದಾರೆ" ಎಂದ. ಬೇರೇನೂ ಹೇಳಲಿಲ್ಲ. ಅವನಿಗೆ ಎಷ್ಟು ಗೊತ್ತಿತ್ತೋ ನನಗೆ ಈಗಲೂ ಗೊತ್ತಿಲ್ಲ.

ಮೊದಲ ಒಂದು ಗಂಟೆಯಲ್ಲಿ ಮಾವ ಮೂರು ಸಲ ಎದ್ದರು. ಮೂರು ಸಲವೂ ಅತ್ತೆ ತೋಳು ಹಿಡಿದು ಬಾಗಿಲ ತನಕ ಹೋಗಿ, ಹೊರಗೆ ನಿಂತು, ವಾಪಸು ಕರೆತಂದರು. ಮನೆಯಲ್ಲೂ ಹಗಲೂ ರಾತ್ರಿ ಹೀಗೇ ನಡೆಯುತ್ತಿತ್ತು ಎಂಬುದು ಅವರಿಬ್ಬರೂ ಮಾತಿಲ್ಲದೆ ಏಳುವ, ನಡೆಯುವ, ತಿರುಗುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಮಾವ ಏಳುವುದು ಕಡಿಮೆಯಾಯಿತು. ಕ್ವಾರಿಯ ಬಂಡೆಗಳನ್ನು ತೋರಿಸಿ, ಇದು ಎಷ್ಟು ಕೋಟಿ ವರ್ಷದ ಕಲ್ಲು, ಇದರಲ್ಲಿ ಬಿಳಿ ಪಟ್ಟೆ ಹೇಗೆ ಬಂತು ಎಂದು ಮುನಿರಾಜಣ್ಣನಿಗೆ ಪಾಠ ಶುರುಮಾಡಿದರು. ಜಲ್ಲಿ ಮಾಡಿ ಮಾರಿದ ಕಲ್ಲಿಗೆ ಇಷ್ಟು ವಯಸ್ಸಾಗಿತ್ತೇ ಎಂದು ಮುನಿರಾಜಣ್ಣನಿಗೆ ಸ್ವಲ್ಪ ಕಸಿವಿಸಿಯಾದಂತೆ ಕಂಡಿತು. ಎರಡು ವರ್ಷದಿಂದ ಕೂಡಿಟ್ಟಿದ್ದ ಮಾತನ್ನೆಲ್ಲ ಮಾವ ಆಡುತ್ತಿದ್ದರು.

ಪಾಠದ ನಡುವೆ ಥಟ್ಟನೆ ನಿಲ್ಲಿಸಿದರು. ನಾನು ತಿರುಗಿ ನೋಡಿದೆ. ಅತ್ತೆ ಅವರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಅವರು ಹಗಲಲ್ಲಿ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಮಾವನ ತೋಳನ್ನು ಹಿಡಿದೇ ಇತ್ತು, ಅವರು ಎದ್ದರೆ ತನಗೆ ಗೊತ್ತಾಗಲಿ ಎಂಬಂತೆ.

ಮುನಿರಾಜಣ್ಣ ಇಂಜಿನ್ ಸದ್ದು ತಗ್ಗಿಸಿದ. ದೋಣಿ ತನ್ನಷ್ಟಕ್ಕೆ ತೇಲಿತು. ಸ್ವಲ್ಪ ಹೊತ್ತಿಗೆ ಮಾವ ನನ್ನನ್ನು ಕಣ್ಣಲ್ಲೇ ಕರೆದರು.

"ನಂಗೆ ಹೋಗ್ಬೇಕು ಕಣೋ," ಎಂದು ಪಿಸುಗುಟ್ಟಿದರು.

"ಬನ್ನಿ ಮಾವ, ನಾನು ಕರ್ಕೊಂಡು ಹೋಗ್ತೀನಿ."

"ಬೇಡ. ನೀನು ಇಲ್ಲಿ ಕೂತ್ಕೋ. ಅವಳ ತಲೆ ಹಿಡ್ಕೋ. ರಾತ್ರಿ ಆರು ಸಲ ಏಳ್ತಾಳೆ, ಎಷ್ಟು ದಿನ ಆಯ್ತೋ ಹಿಂಗೆ ಮಲಗಿ."

ನಾನು ಪಕ್ಕಕ್ಕೆ ಸರಿದು, ಅವರು ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುವುದನ್ನು ನೋಡುತ್ತ, ಅತ್ತೆಯ ತಲೆಯನ್ನು ನನ್ನ ಹೆಗಲಿಗೆ ತೆಗೆದುಕೊಂಡೆ. ಅವರ ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ಕನ್ನಡಕದ ಅಂಗಡಿಯವನಿಗೆ ಅವತ್ತು ಮೊದಲ ಸಲ ಕಂಡಿತು. ಮಾವ ಎದ್ದು ನಿಂತರು. ಯಾರೂ ಹಿಡಿದಿರಲಿಲ್ಲ. ಒಂದು ಕ್ಷಣ ಆ ಕಡೆ ಈ ಕಡೆ ನೋಡಿ, ಚಾವಣಿಯ ಬಿದಿರನ್ನು ಒಂದಾದ ಮೇಲೊಂದು ಹಿಡಿದುಕೊಂಡು, ಒಬ್ಬರೇ ಹೋದರು. ಚಿಲಕ ಹಾಕಿದ ಸದ್ದಾಯಿತು. ಮುನಿರಾಜಣ್ಣ ಬೇರೆ ಕಡೆ ತಿರುಗಿ ನೀರು ನೋಡುತ್ತ ನಿಂತ. ನಾನು ಉಸಿರು ಬಿಗಿಹಿಡಿದಿದ್ದೆ. ಬೀಳುತ್ತಾರೆಂದೋ, ಅತ್ತೆ ಎಚ್ಚರಾಗುತ್ತಾರೆಂದೋ ಹೇಳಲಾರೆ.

ಬಂದರು. ಕೈ ಒರೆಸಿಕೊಂಡು, ಎರಡು ವರ್ಷದ ಹಿಂದೆ ಸಮಾರಂಭಗಳಲ್ಲಿ ಬರುತ್ತಿದ್ದ ಹಾಗೆ ಅಂಗಿಯ ಕಾಲರು ಸರಿಮಾಡಿಕೊಂಡು, ನನ್ನ ಪಕ್ಕ ಕೂತರು. ಅತ್ತೆಯ ತಲೆಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ತೆಗೆದುಕೊಂಡು, ಈ ಸಲ ಹೆಗಲಿಗಲ್ಲ, ತೊಡೆಯ ಮೇಲೆ ಇಟ್ಟುಕೊಂಡರು.

"ಎದ್ದಿದ್ಲಾ?"

"ಇಲ್ಲ ಮಾವ."

ಅವರು ಅತ್ತೆಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಂಗೈ ಅಡ್ಡ ಹಿಡಿದರು.

"ಇನ್ನೊಂದು ಸುತ್ತು ಹೊಡೀಲಿ ಅಂತ ಹೇಳು," ಎಂದರು. "ನಿಧಾನಕ್ಕೆ."